ಮಾವನ ಗಂಟೆ ಹಗ್ಗ: ಬಿಚ್ಚಿ, ಎಣಿಸಿ, ಮತ್ತೆ ಕಟ್ಟಿದ ಐದು ವಾರ

ಜೂನ್ 15ರ ಬೆಳಿಗ್ಗೆ ಅತ್ತೆ ಜಗಲಿಯ ಗಂಟೆ ಬಾರಿಸಲು ಹೋದರು. ಗಂಟೆ ಒಂದೇ ಸಲ ಹೊಡೆಯಿತು, ಹಗ್ಗ ಅವರ ಕೈಗೇ ಬಂತು. ಮೇಲಿನ ಕುಣಿಕೆ ಕೊಳೆತು ಹೋಗಿತ್ತು. ಕುಂದಾಪುರದ ಉಪ್ಪು ಗಾಳಿಗೆ ಹತ್ತಿ ಹಗ್ಗ ಇಷ್ಟು ವರ್ಷ ನಿಂತದ್ದೇ ಜಾಸ್ತಿ.

ಮಾವ 1978ರಿಂದ 2004ರವರೆಗೆ ಸರಕು ಹಡಗುಗಳ ಡೆಕ್ಕಿನಲ್ಲಿ ದುಡಿದವರು. ಗಂಟೆಯನ್ನು ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡದ್ದು. ಹಗ್ಗ ಮಾತ್ರ ಕೊಂಡದ್ದಲ್ಲ. 1986ರಲ್ಲಿ ಹಡಗಿನಲ್ಲೇ ಕುಳಿತು ಅವರೇ ಕಟ್ಟಿದ್ದು. ಕಲಿಸಿದವರು ರತ್ನಾಗಿರಿ ಕಡೆಯ ಒಬ್ಬ ಸೆರಾಂಗ್. ಡೆಕ್ಕಿನ ಖಲಾಸಿಗಳ ಮೇಸ್ತ್ರಿಗೆ ಹಡಗಿನಲ್ಲಿ ಸೆರಾಂಗ್ ಅನ್ನುತ್ತಾರೆ. ಬ್ರಿಟಿಷರ ಹಡಗುಗಳಲ್ಲಿ ನಮ್ಮ ಕರಾವಳಿಗಳ ಜನ ದುಡಿಯುತ್ತಿದ್ದ ಕಾಲದಿಂದ ಉಳಿದು ಬಂದ ಹೆಸರು ಅದು.

ಪೇಟೆಯಿಂದ ಒಂದು ಮೊಳ ಹಗ್ಗ ತಂದು ಕಟ್ಟಿದ್ದರೆ ಐದು ನಿಮಿಷದ ಕೆಲಸ. ಆದರೆ ಮಾವ ತುಂಡಾದ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರುತ್ತಾ ಕುಳಿತದ್ದು ನೋಡಿ ಮನಸ್ಸಾಗಲಿಲ್ಲ. ಗ್ಲಾಕೋಮಾದಿಂದ ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ‘ನಾನು ಕಟ್ಟಿಕೊಡುತ್ತೇನೆ ಮಾವ’ ಅಂದೆ.

‘ನಿಂಗೆ ಬರತ್ತಾ?’

‘ಹೇಳಿಕೊಟ್ಟರೆ ಬರತ್ತೆ.’

ನನಗೆ ಗೊತ್ತಿದ್ದದ್ದು ಹೂಕುಂಡ ನೇತು ಹಾಕುವ ಮ್ಯಾಕ್ರಮೆ ಮಾತ್ರ. ಅದೂ ಇದೂ ದೂರದ ನೆಂಟರೇ. ಮ್ಯಾಕ್ರಮೆ ಅನ್ನುವ ಹೆಸರು ಅರಬ್ಬಿ ಮತ್ತು ತುರ್ಕಿ ಭಾಷೆಗಳಿಂದ ಇಟಲಿಯ ಜಿನೋವಾ ಕಡೆಗೆ ಹೋದದ್ದು. ಬಟ್ಟೆಯ ಅಂಚಿನಲ್ಲಿ ಉಳಿದ ನೂಲು ಬಿಚ್ಚಿಹೋಗದಂತೆ ಗಂಟು ಹಾಕುತ್ತಾ ಹಾಕುತ್ತಾ ಅದೇ ಒಂದು ಕಸುಬಾಯಿತು. ನಮ್ಮ ಸೀರೆ ಸೆರಗಿನ ಕುಚ್ಚೂ ಅದೇ ಕೆಲಸ ಮಾಡುತ್ತದೆ, ಅಲ್ವಾ? ನಾವಿಕರ ಕೈಯಲ್ಲಿ ಬಟ್ಟೆಯ ಬದಲು ಹಗ್ಗ ಇತ್ತು, ಅಷ್ಟೇ.

ಜೂನ್ 15, ಸಂಜೆ: ಅಳತೆ

ಬಿಚ್ಚುವ ಮೊದಲು ಹಳೆಯ ಹಗ್ಗದ ಅಳತೆ ಬರೆದುಕೊಂಡೆ. ಒಟ್ಟು ಉದ್ದ 31 ಸೆಂ.ಮೀ. ಗಂಟೆಯ ನಾಲಿಗೆಗೆ ಸಿಕ್ಕಿಸುವ ಮೇಲಿನ ಕುಣಿಕೆ 5, ನಡುವಿನ ದುಂಡು ಜಡೆ 22, ಕೆಳಗೆ ಕೈಗೆ ಸಿಗುವ ಗುಂಡು ಗಂಟು 4. ಜಡೆಯ ದಪ್ಪ 22 ಮಿ.ಮೀ. ಗುಂಡಿನ ಕತ್ತಿನ ಹತ್ತಿರ ಮಾತ್ರ 30. ಜಡೆಯ ಮೇಲೆ ಬಳೆ ತೊಡಿಸಿದ ಹಾಗೆ ಮೂರು ಹೆಣೆದ ಪಟ್ಟಿಗಳು: ಮೇಲೆ, ನಡುವೆ, ಕೆಳಗೆ. ಇಡೀ ಹಗ್ಗಕ್ಕೆ ಬಿಳಿ ಪೇಂಟ್. ಒಂದರ ಮೇಲೊಂದು ಬಳಿದು ಬಳಿದು ಗಾರೆಯ ಹಾಗಾಗಿತ್ತು.

ಈ ಬಳೆಯಂಥ ಗಂಟಿಗೆ ಟರ್ಕ್ಸ್ ಹೆಡ್ ಅನ್ನುತ್ತಾರೆ. ತುರ್ಕರ ರುಮಾಲು ಸುತ್ತಿದ ತಲೆಯ ಹಾಗೆ ಕಾಣುತ್ತದೆ ಅಂತ ಇಂಗ್ಲಿಷ್ ನಾವಿಕರು ಇಟ್ಟ ಹೆಸರು. ಅದನ್ನು ಗುರುತಿಸಲು ಎರಡು ಸಂಖ್ಯೆ ಸಾಕು. ಪಟ್ಟಿಯ ಅಗಲಕ್ಕೆ ಎಷ್ಟು ಎಳೆ ಇವೆ, ಅಂಚಿನ ಸುತ್ತ ಎಷ್ಟು ಅಲೆ ಇವೆ. ಮುಂದೆ ‘3 ಎಳೆ, 5 ಅಲೆ’ ಅಂತ ಬರೆದರೆ ಇದೇ ಲೆಕ್ಕ.

ಜೂನ್ 16–17: ಬಿಚ್ಚಿದ್ದು, ಮತ್ತು ದೊಡ್ಡ ತಪ್ಪು

ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಪೇಂಟ್ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಗೋಣಿ ಹೊಲಿಯುವ ಡಬ್ಬಣದ ಮೊಂಡು ತುದಿಯಿಂದ ಒಂದೊಂದೇ ಎಳೆ ಸಡಿಲಿಸಿದೆ. ಮೇಲಿನ ಪಟ್ಟಿ 3 ಎಳೆ, 5 ಅಲೆ. ಅದೇ ದಾರ ಅದೇ ಹಾದಿಯಲ್ಲಿ ಮೂರು ಸಲ ಹೋಗಿದೆ. ನಡುವಿನದು 4 ಎಳೆ, 5 ಅಲೆ, ಎರಡು ಸಲ.

ಕೆಳಗಿನ ಪಟ್ಟಿ ಕಲ್ಲಾಗಿತ್ತು. ಕೈಬೆವರು, ಪೇಂಟ್, ಮಸಿ ಎಲ್ಲ ಸೇರಿ ಗಟ್ಟಿಯಾಗಿತ್ತು. ಒಂದೂವರೆ ಗಂಟೆ ಒದ್ದಾಡಿದೆ. ಬೆರಳು ಉರಿಯತೊಡಗಿತು. ಬ್ಲೇಡ್ ತಗೊಂಡು ಕೊಯ್ದುಬಿಟ್ಟೆ. ದಾರ ನಾಲ್ಕು ತುಂಡಾಗಿ ಬಿದ್ದ ಮೇಲೆ ನೆನಪಾಯಿತು, ಅಲೆ ಎಣಿಸಿಲ್ಲ, ಫೋಟೋ ಕೂಡ ತೆಗೆದಿಲ್ಲ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು. ಇದರಿಂದ ಒಂದು ವಾರ ಹಾಳಾಯಿತು. ಹಳೆಯ ಗಂಟು ಬಿಚ್ಚುವವರು ಮೊದಲು ಎಣಿಸಿ, ಆಮೇಲೆ ಕೈ ಹಾಕಿ.

ಗುಂಡು ಗಂಟು ಬಿಚ್ಚಿದಾಗ ಒಳಗೆ ಒಂದು ಚಿಂದಿ ಸಿಕ್ಕಿತು. ನೆಲ್ಲಿಕಾಯಿ ಗಾತ್ರಕ್ಕೆ ಉಂಡೆ ಮಾಡಿ, ದಾರ ಸುತ್ತಿ ಇಟ್ಟ ನೀಲಿ ಬಟ್ಟೆ. ಹೊರಗಿನ ಬಿಳಿ ಎಲ್ಲ ಹಳದಿಯಾಗಿದ್ದರೂ ಈ ನೀಲಿ ಹೊಸದರ ಹಾಗೇ ಇತ್ತು. ಮಾವನ ಕೈಗೆ ಕೊಟ್ಟೆ. ಬೆರಳಲ್ಲಿ ಹೊಸಕಿ ನೋಡಿ, ‘ಬಾಯ್ಲರ್ ಸೂಟ್‌ದು. ಮೊಣಕಾಲಲ್ಲಿ ಹರಿದಿತ್ತು’ ಅಂದರು. ಇದನ್ನು ಯಾಕೆ ಒಳಗಿಟ್ಟರು ಅಂತ ಆಗ ಕೇಳಲಿಲ್ಲ. ಕಾರಣ ಮೂರು ವಾರ ಆದಮೇಲೆ ನನಗೇ ತಿಳಿಯಿತು.

ಜೂನ್ 19–21: ತಪ್ಪು ಹಗ್ಗ

ಗಂಗೊಳ್ಳಿ ಬಂದರಿನ ಹತ್ತಿರ ಬಲೆ ಸಾಮಾನಿನ ಅಂಗಡಿಯಲ್ಲಿ 3 ಮಿ.ಮೀ. ಪ್ಲಾಸ್ಟಿಕ್ ಹಗ್ಗ 40 ಮೀಟರ್ ತಂದೆ, ₹120. ಕೊಳೆಯುವುದಿಲ್ಲ, ಗಟ್ಟಿ, ಅಗ್ಗ. ಯೋಚನೆ ಸರಿಯೇ ಇತ್ತು. ಆದರೆ ಅದು ಗಂಟಿನಲ್ಲಿ ನಿಲ್ಲುವುದಿಲ್ಲ. ಜಾರುತ್ತದೆ, ಬಗ್ಗಿಸಿದರೆ ಸ್ಪ್ರಿಂಗಿನ ಹಾಗೆ ಎದ್ದು ಬರುತ್ತದೆ. ಸಂಜೆ ಬಿಗಿದು ಕಟ್ಟಿದ 6 ಸೆಂ.ಮೀ. ಜಡೆ ಬೆಳಿಗ್ಗೆ ಹೊತ್ತಿಗೆ ಬಾಯಿ ತೆರೆದಿತ್ತು.

ಮಾವ ಮುಟ್ಟಿ ನೋಡಿ, ‘ಇದು ದೋಣಿ ಕಟ್ಟೂಕೆ ಒಳ್ಳೇದು. ಇದಕ್ಕೆ ಹತ್ತಿಯೇ ಬೇಕು’ ಅಂದರು. ಅವರ ಕಾಲದಲ್ಲಿ ಇದಕ್ಕೆಂದು ಹಗ್ಗ ಕೊಳ್ಳುತ್ತಲೂ ಇರಲಿಲ್ಲವಂತೆ. ಸವೆದ ಹಗ್ಗದ ತುಂಡು, ಕ್ಯಾನ್ವಾಸ್ ಹೊಲಿದು ಉಳಿದ ನೂಲು, ಇದರಲ್ಲೇ ಕಟ್ಟುವುದು. ಹಾಯಿಹಡಗಿನ ಕಾಲದಲ್ಲೂ ಹಾಗೇ. ತಿಂಗಳುಗಟ್ಟಲೆ ನೀರು, ಕೈ ತುಂಬ ಹಗ್ಗ, ಪಾಳಿ ಮುಗಿದ ಮೇಲೆ ಸಿಗುವ ಹೊತ್ತು. ಅಲಂಕಾರದ ಗಂಟುಗಳು ಬೆಳೆದದ್ದು ಅಲ್ಲಿ.

ಹತ್ತಿ ಹುರಿಯನ್ನು ಆನ್‌ಲೈನಿನಲ್ಲಿ ತರಿಸಿದೆ. 3 ಮಿ.ಮೀ. 100 ಮೀಟರ್ ಸುರುಳಿ ₹420, 2 ಮಿ.ಮೀ. 50 ಮೀಟರ್ ₹180. ಒಳಗಿನ ತಿರುಳಿಗೆ 8 ಮಿ.ಮೀ. ಮೂರೆಳೆ ಹತ್ತಿ ಹಗ್ಗ ಒಂದು ಮೀಟರ್, ಊರಿನ ಅಂಗಡಿಯಲ್ಲಿ ₹30.

ಜೂನ್ 24–26: ಕುಣಿಕೆ

ತಿರುಳಿನ ಹಗ್ಗದ ತುದಿಯನ್ನು 15 ಸೆಂ.ಮೀ. ಬಿಚ್ಚಿ, ಮೂರು ಎಳೆ ಬೇರೆ ಮಾಡಿ, ಕುಣಿಕೆಯಾಗಿ ಬಗ್ಗಿಸಿ, ಹಗ್ಗದ ಮೈಯೊಳಗೇ ಹೆಣೆದು ಸೇರಿಸಬೇಕು. ಮೀನುಗಾರರು ಕಣ್ಣು ಮುಚ್ಚಿ ಮಾಡುವ ಕೆಲಸ. ನನಗೆ ಎರಡು ಪ್ರಯತ್ನ ಬೇಕಾಯಿತು. ಮೊದಲ ಸಲ ಎರಡು ಎಳೆಗಳನ್ನು ಒಂದೇ ಸಂದಿಗೆ ತೂರಿಸಿದ್ದೆ, ಒಂದು ಪಕ್ಕ ಉಬ್ಬಿತ್ತು. ಪ್ರತಿ ಎಳೆಯನ್ನೂ ಮೂರು ಸಲ ತೂರಿಸಿದರೆ ಸಾಕು.

ಕುಣಿಕೆಯ ಮೈಗೆ 2 ಮಿ.ಮೀ. ಹುರಿಯ ಮೂರು ಎಳೆಗಳಿಂದ ಎಡಕ್ಕೊಂದು ಬಲಕ್ಕೊಂದು ಸುತ್ತು ಹಾಕುತ್ತಾ ಹೋದರೆ ಹೊರ ಅಂಚಿನಲ್ಲಿ ಸಾಲಾಗಿ ಒಂದು ಏಣು ಏಳುತ್ತದೆ. ಇಂಗ್ಲಿಷಿನಲ್ಲೂ ಇದಕ್ಕೆ ಕೋಳಿ ಜುಟ್ಟು ಅಂತಲೇ ಹೆಸರು. ನೋಡಲು ಹಾಗೇ ಇದೆ. ಸುಮ್ನೆ ಚಂದಕ್ಕೆ ಅಂದುಕೊಂಡಿದ್ದೆ. ಹಳೆಯದರಲ್ಲಿ ಈ ಜುಟ್ಟು ಸವೆದ ಜಾಗದಲ್ಲೇ ಒಳಗಿನ ಹಗ್ಗ ಕೊಳೆತಿತ್ತು. ಲೋಹಕ್ಕೆ ಉಜ್ಜುವ ಸವೆತವನ್ನೆಲ್ಲ ಇಷ್ಟು ವರ್ಷ ತಿಂದದ್ದು ಜುಟ್ಟು.

ಜೂನ್ 28–ಜುಲೈ 4: ಜಡೆ

ಕುಣಿಕೆಯ ಬುಡದಲ್ಲಿ 3 ಮಿ.ಮೀ. ಹುರಿಯ ಆರು ಎಳೆಗಳನ್ನು ತಿರುಳಿನ ಸುತ್ತ ಇಟ್ಟು ದಾರದಿಂದ ಬಿಗಿಯಾಗಿ ಕಟ್ಟಿದೆ. ಕುಣಿಕೆಯನ್ನು ಕೆಳಗೆ ಮಾಡಿ ಮೇಜಿನ ಅಂಚಿಗೆ ಕ್ಲ್ಯಾಂಪ್ ಹಾಕಿದೆ. ಆಮೇಲೆ ಕ್ರೌನ್ ಗಂಟು. ಪ್ರತಿ ಎಳೆಯನ್ನೂ ಪಕ್ಕದ್ದರ ಮೇಲೆ ಮಲಗಿಸುವುದು. ಆರನೆಯದನ್ನು ಮೊದಲನೆಯದರ ಬಾಗಿನೊಳಗೆ ತೂರಿಸಿ, ಆರನ್ನೂ ಒಂದೇ ಸಮ ಬಿಗಿಯುವುದು. ಒಂದರ ಮೇಲೊಂದು ಹೀಗೇ ಹಾಕುತ್ತಾ ಹೋದರೆ ದುಂಡು ಜಡೆ ಏಳುತ್ತದೆ. ಒಂದೇ ದಿಕ್ಕಿಗೆ ಹಾಕಿದರೆ ಸಾಲುಗಳು ಸುರುಳಿಯಾಗಿ ಏರುತ್ತವೆ. ಹಳೆಯದರಲ್ಲಿ ಇದ್ದದ್ದು ಈ ಸುರುಳಿ, ಬಲಕ್ಕೆ.

ಮೊದಲ ಪ್ರಯತ್ನ: ಪ್ರತಿ ಎಳೆ 1.2 ಮೀಟರ್ ಕತ್ತರಿಸಿದ್ದೆ. 17 ಸೆಂ.ಮೀ. ಜಡೆ ಆದಾಗ ಕೈಯಲ್ಲಿ ಉಳಿದದ್ದು ಒಂದೂವರೆ ಗೇಣು. ಇನ್ನೂ 5 ಸೆಂ.ಮೀ. ಜಡೆ, ಆಮೇಲೆ ಗುಂಡು ಗಂಟು. ಸಾಧ್ಯವೇ ಇಲ್ಲ. ಎಲ್ಲಾ ಬಿಚ್ಚಿ ಅಳೆದೆ. 1 ಸೆಂ.ಮೀ. ಜಡೆಗೆ ಪ್ರತಿ ಎಳೆಯಿಂದ 5 ಸೆಂ.ಮೀ. ಹೋಗುತ್ತದೆ. 22 ಸೆಂ.ಮೀ.ಗೆ 1.1 ಮೀಟರ್, ಗುಂಡಿಗೆ 40 ಸೆಂ.ಮೀ., ಕೈಯಲ್ಲಿ ಹಿಡಿಯಲು 30. ಎರಡನೆಯ ಸಲ 1.8 ಮೀಟರ್ ಕತ್ತರಿಸಿದೆ.

ಎರಡನೆಯ ಪ್ರಯತ್ನ: 9 ಸೆಂ.ಮೀ. ಹತ್ತಿರ ಒಂದು ಫೋನ್ ಬಂತು. ಮಾತಾಡಿ ಬಂದು ಮುಂದುವರಿಸಿದೆ. ರಾತ್ರಿ ಮಾವನಿಗೆ ಕೊಟ್ಟೆ. ಬುಡದಿಂದ ಮೇಲಕ್ಕೆ ಬೆರಳಾಡಿಸುತ್ತಾ ಬಂದವರು ಒಂದು ಕಡೆ ನಿಂತರು. ಹಿಂದೆ ಹೋದರು, ಮತ್ತೆ ಅಲ್ಲಿಗೇ ಬಂದರು.

‘ಇಲ್ಲಿ ಎದ್ದು ಹೋಗಿದ್ದೆಯಾ?’

ಎದ್ದು ಬಂದಮೇಲೆ ಎಡಕ್ಕೆ ಹಾಕಿದ್ದೆ. 4 ಸೆಂ.ಮೀ. ಉದ್ದಕ್ಕೂ ಸುರುಳಿ ತಿರುಗುಮುರುಗು. ಟ್ಯೂಬ್‌ಲೈಟಿನ ಕೆಳಗೆ ಕನ್ನಡಕ ಹಾಕಿಕೊಂಡ ನನಗೆ ಕಾಣಲಿಲ್ಲ, ಅವರ ಬೆರಳಿಗೆ ತಿಳಿಯಿತು. ಆ 4 ಸೆಂ.ಮೀ. ಬಿಚ್ಚಿ ಹಾಕಲು ಎರಡೂವರೆ ಗಂಟೆ. ಅವತ್ತಿನಿಂದ ಏಳುವ ಮೊದಲು ಮುಂದಿನ ಎಳೆಗೆ ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿಯೇ ಏಳುತ್ತೇನೆ.

ಇನ್ನೊಂದು ಮಾತು. ಒಂದೊಂದೇ ಎಳೆ ಜಗ್ಗಬೇಡಿ. ಆರನ್ನೂ ಅರ್ಧ ಬಿಗಿದು, ಎರಡನೆಯ ಸುತ್ತಿನಲ್ಲಿ ಪೂರ್ತಿ ಬಿಗಿಯಬೇಕು. ಇಲ್ಲದಿದ್ದರೆ ಜಡೆ ಒಂದು ಕಡೆಗೆ ವಾಲುತ್ತದೆ.

ಜುಲೈ 5–6: ಗುಂಡು ಗಂಟು

ಇದು ಎರಡು ಗಂಟುಗಳ ಜೋಡಿ. ಮೊದಲು ವಾಲ್: ಪ್ರತಿ ಎಳೆ ಪಕ್ಕದ್ದರ ಅಡಿಯಿಂದ ಹೋಗಿ ಮೇಲೇಳುತ್ತದೆ. ಅದರ ತಲೆಯ ಮೇಲೆ ಕ್ರೌನ್. ಆಮೇಲೆ ಪ್ರತಿ ಎಳೆಯೂ ಪಕ್ಕದ ಎಳೆಯ ಹಾದಿ ಹಿಡಿದು ಇನ್ನೊಂದು ಸುತ್ತು ಹೋಗುತ್ತದೆ. ಹಾಯಿಹಡಗುಗಳಲ್ಲಿ ಮೆಟ್ಟಿಲ ಪಕ್ಕದ ಕೈಹಗ್ಗದ ತುದಿಗೆ ಇದೇ ಗಂಟು ಇರುತ್ತಿತ್ತು. ಒದ್ದೆ ಕೈ ಜಾರಿದರೂ ತುದಿಯಲ್ಲಿ ಹಿಡಿತ ಸಿಗಬೇಕು, ಹಗ್ಗದ ತುದಿಯೂ ಬಿಚ್ಚಬಾರದು. ಎರಡು ಕೆಲಸಕ್ಕೂ ಒಂದೇ ಗಂಟು.

ಮೊದಲ ಸಲ ವಾಲ್ ಬಲಕ್ಕೆ, ಕ್ರೌನ್ ಎಡಕ್ಕೆ ಹಾಕಿದೆ. ಎರಡನೆಯ ಸುತ್ತು ಹೋಗುವಾಗ ಎಳೆಗಳು ಜೋಡಿಯಾಗಿ ಮಲಗಲಿಲ್ಲ. ಮಾವ ಬಾಯಲ್ಲಿ ಹೇಳಿದ್ದು ತಲೆಗೆ ಹೋಗಲಿಲ್ಲ. ಕ್ಲಿಫರ್ಡ್ ಆಶ್ಲಿಯವರ ಚಿತ್ರಗಳನ್ನು ತೆಗೆದು ನೋಡಿದೆ. ಆಶ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ನವರು. ಅದು ತಿಮಿಂಗಿಲ ಬೇಟೆಯ ಹಡಗುಗಳ ಊರು. 1904ರಲ್ಲಿ ಅಂಥ ಒಂದು ಹಡಗಿನಲ್ಲಿ ತಾವೂ ಹೋಗಿದ್ದರು. ನಾವಿಕರಿಂದಲೂ ಬೇರೆ ಬೇರೆ ಕಸುಬಿನವರಿಂದಲೂ ಗಂಟು ಕಲಿತು, 1944ರಲ್ಲಿ 3,800ಕ್ಕೂ ಜಾಸ್ತಿ ಗಂಟುಗಳಿಗೆ ಸಂಖ್ಯೆ ಹಾಕಿ, ಚಿತ್ರ ಬರೆದು ಪ್ರಕಟಿಸಿದರು. ಆ ಚಿತ್ರ ನೋಡಿ ಅರ್ಥವಾಯಿತು. ಎರಡೂ ಒಂದೇ ದಿಕ್ಕಿಗೆ.

ದಿಕ್ಕು ಸರಿಯಾದ ಮೇಲೂ ಗಂಟು ಸರಿ ಬರಲಿಲ್ಲ. ಮೂರು ನಾಲ್ಕು ಎಳೆಯ ಕ್ರೌನ್ ನೆತ್ತಿಯಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆರು ಎಳೆಯದಕ್ಕೆ ನಡುವೆ ತೂತು ಉಳಿಯುತ್ತದೆ. ಎಷ್ಟು ಬಿಗಿದರೂ ತೂತು ಹೋಗಲಿಲ್ಲ. ಒಳಗಿನ ತಿರುಳಿನ ಕೊಯ್ದ ತುದಿ ಹಲ್ಲಿನ ಹಾಗೆ ಹೊರಗೆ ಇಣುಕುತ್ತಿತ್ತು. ಗುಂಡು ಕೂಡ ಗುಂಡಾಗಿರಲಿಲ್ಲ, ಚಪ್ಪಟೆ.

ನೀಲಿ ಬಟ್ಟೆ ಇದ್ದದ್ದು ಇದಕ್ಕೇ.

ತಿರುಳನ್ನು ಒಂದೂವರೆ ಸೆಂ.ಮೀ. ಗಿಡ್ಡ ಮಾಡಿದೆ. ಚಿಂದಿಯ ಉಂಡೆಯನ್ನು ಸೋಪು ನೀರಿನಲ್ಲಿ ತೊಳೆದು, ಇಸ್ತ್ರಿ ಪೆಟ್ಟಿಗೆಯ ಹತ್ತಿರ ಒಣಗಿಸಿ, ಹೊಸ ಬಿಳಿ ದಾರ ಸುತ್ತಿ ತಿರುಳಿನ ತುದಿಗೆ ಹೊಲಿದೆ. ಅದರ ಮೇಲೆ ಎಳೆಗಳನ್ನು ಬಿಗಿಯುತ್ತಾ ಬಂದೆ. ನೆತ್ತಿಯ ತೂತಿಗೆ ಉಂಡೆಯ ಬೆನ್ನು ಬಂದು ಕುಳಿತಿತು. ಹತ್ತಿರದಿಂದ ನೋಡಿದರೆ ಬಿಳಿ ದಾರದ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಕಾಣುತ್ತದೆ. ಅದನ್ನು ಮುಚ್ಚಲಿಲ್ಲ.

ಎರಡನೆಯ ಸುತ್ತು ಮುಗಿದ ಎಳೆಗಳ ತುದಿ ಗುಂಡಿನ ಕೆಳಗೆ, ಕತ್ತಿನಲ್ಲಿ ಹೊರಬರುತ್ತವೆ. ಅವನ್ನು ಕತ್ತರಿಸಿ ಅದರ ಮೇಲೆ ದಾರ ಸುತ್ತಿದ್ದರಿಂದ ಕತ್ತು 30 ಮಿ.ಮೀ. ದಪ್ಪ ಆಯಿತು. ಹಳೆಯದರಲ್ಲೂ ಅಲ್ಲಿ ಅಷ್ಟೇ ದಪ್ಪ ಇತ್ತಲ್ಲ, ಕಾರಣ ಇದೇ. ಈ ಗಲೀಜನ್ನು ಮುಚ್ಚಲು ಕೆಳಗಿನ ಟರ್ಕ್ಸ್ ಹೆಡ್. ಕುಣಿಕೆ ಸೇರಿಸಿದ ಜಾಗ, ಆರು ಎಳೆ ಕಟ್ಟಿದ ಜಾಗ ಮುಚ್ಚಲು ಮೇಲಿನದು.

ಜುಲೈ 8–9: ಮೇಲಿನ ಮತ್ತು ನಡುವಿನ ಪಟ್ಟಿ

3 ಎಳೆ 5 ಅಲೆಯದನ್ನು ಎಡಗೈ ಬೆರಳುಗಳ ಮೇಲೇ ಸುತ್ತಿ ಹೆಣೆಯಬಹುದು. ಹುರಿ 60 ಸೆಂ.ಮೀ. ಕತ್ತರಿಸಿದ್ದೆ, ಎರಡನೆಯ ಸುತ್ತಿಗೇ ಮುಗಿಯಿತು. ಆಮೇಲೆ ಮಾವ ಹೇಳಿದ ಲೆಕ್ಕ: ಎಳೆ ಎಷ್ಟು, ಸುತ್ತು ಎಷ್ಟು, ಎರಡನ್ನೂ ಗುಣಿಸಿ ಅಷ್ಟು ಸಲ ಜಡೆಯ ಸುತ್ತಳತೆ. ಅದಕ್ಕೆ ಮೂರನೇ ಒಂದು ಪಾಲು ಸೇರಿಸು, ಕೈಗೆ ಒಂದೂವರೆ ಗೇಣು ಬಿಡು. ಇಲ್ಲಿ 3 × 3 × 7 ಸೆಂ.ಮೀ., ಅಂದರೆ 63. ಸೇರಿಸಿದ ಪಾಲು 21, ಕೈಗೆ 30. ಒಟ್ಟು 1.15 ಮೀಟರ್. ಸರಿಯಾಗಿ ಸಾಕಾಯಿತು.

ನಡುವಿನದಕ್ಕೆ ಹಿಂದೆ ಮುಚ್ಚುವ ಕೆಲಸ ಏನೂ ಇಲ್ಲ. ‘ಮತ್ತೆ ಇದು ಎಂತಕ್ಕೆ ಮಾವ?’ ಅಂದೆ. ಬಾರಿಸುವಾಗ ಬೆರಳು ಜಾರದೆ ಅಲ್ಲಿ ನಿಲ್ಲುತ್ತದೆ ಅಂದರು. ಹಳೆಯ ಹಡಗುಗಳ ಚುಕ್ಕಾಣಿ ಚಕ್ರದ ಒಂದು ಹಿಡಿಗೆ ಮಾತ್ರ ಇದೇ ಗಂಟು ತೊಡಿಸುತ್ತಿದ್ದರು. ಆ ಹಿಡಿ ನೆಟ್ಟಗೆ ಮೇಲಿದ್ದರೆ ಚುಕ್ಕಾಣಿ ನೇರ ಇದೆ ಅಂತ ಅರ್ಥ. ಕತ್ತಲಲ್ಲಿ ಕೈಗೆ ತಿಳಿಯಬೇಕಲ್ಲ.

ಜುಲೈ 10–14: ಬಾರದ ಆರು

ಈಗ ನಾನು ಕೊಯ್ದು ಹಾಕಿದ ಕೆಳಗಿನ ಪಟ್ಟಿ. 3 ಎಳೆ ಅನ್ನುವುದು ನೆನಪಿತ್ತು. ಅಲೆ ಎಷ್ಟು?

5 ಅಲೆ ಹಾಕಿದೆ. ಕತ್ತಿನ ಸುತ್ತಳತೆ 9.4 ಸೆಂ.ಮೀ. ಪಟ್ಟಿ ಎಳೆದಾಡಿಕೊಂಡು ಕುಳಿತಿತು. ಸಂದಿಗಳಲ್ಲಿ ಕೆಳಗಿನ ದಾರ ಕಾಣುತ್ತಿತ್ತು. ಕೈಮೇಲೆ ಹೆಣೆಯುವ ದಾರಿಯಲ್ಲಿ 5 ಆದಮೇಲೆ ಮುಂದಿನ ಮೆಟ್ಟಿಲು 8. ಒಂದು ಸಲ ದಾಟಿಸಿದರೆ ಮೂರು ಅಲೆ ಕೂಡುತ್ತದೆ. 8 ಹಾಕಿದೆ. ಎಳೆಗಳು ಒಂದರ ಮೇಲೊಂದು ಹತ್ತಿ ಗುಡ್ಡೆಯಾದವು.

ಹಾಗಾದರೆ 6 ಇರಬೇಕು ಅಂದುಕೊಂಡೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಸುತ್ತಿದ್ದ ರಟ್ಟಿನ ಕೊಳವೆ ತಗೊಂಡೆ, ಅದೂ ಹೆಚ್ಚುಕಡಿಮೆ 30 ಮಿ.ಮೀ. ಮೇಲೆ ಆರು ಗುಂಡುಪಿನ್, ಕೆಳಗೆ ಆರು. ಕೆಳಗಿನ ಸಾಲು ಅರ್ಧ ಮನೆ ಜರುಗಿದ್ದು. ಮೇಲಿನ ಪಿನ್ ಬಳಸಿ ಓರೆಯಾಗಿ ಕೆಳಗಿಳಿದು, ಕೆಳಗಿನ ಪಿನ್ ಬಳಸಿ ಮತ್ತೆ ಮೇಲೇರಬೇಕು. ಮೂರು ಎಳೆಯ ಪಟ್ಟಿಗೆ ಹೀಗೆ ಒಂದು ಸಲ ಇಳಿದು ಏರಿದರೆ ಮೇಲಿನ ಸಾಲಿನಲ್ಲಿ ಮೂರು ಪಿನ್ ಮುಂದೆ ಬಂದಿರುತ್ತೀರಿ.

ದಾರ ಮೇಲೆ ಎರಡು, ಕೆಳಗೆ ಎರಡು ಪಿನ್ ಮುಟ್ಟಿ ಶುರುವಾದಲ್ಲಿಗೇ ಬಂತು. ಇನ್ನೂ ಎಂಟು ಪಿನ್ ಖಾಲಿ. ಎಲ್ಲೋ ತಪ್ಪಿದೆ ಅಂತ ಬಿಚ್ಚಿದೆ. ಮತ್ತೆ ಹಾಗೇ. ಪಿನ್‌ಗಳಿಗೆ ಪೆನ್ನಿನಲ್ಲಿ ಸಂಖ್ಯೆ ಬರೆದೆ. ಮತ್ತೆ ಹಾಗೇ. ಎರಡು ಸಂಜೆ, ನಾಲ್ಕು ಸಲ. ಕೊನೆಗೆ ಕೊಳವೆಯನ್ನು ಮಾವನ ಕೈಗೆ ಕೊಟ್ಟೆ.

‘ಕಾಂಬ’ ಅಂದರು. ಪಿನ್‌ಗಳನ್ನು ಬೆರಳಲ್ಲಿ ಎಣಿಸಿದರು. ಎಣಿಸಿ ನಕ್ಕರು.

‘ಆರು ಬರೂದಿಲ್ಲ ಮಾರಾಯ್ತಿ. ಮೂರು ಎಳೆಗೆ ಮೂರರ ಮಗ್ಗಿಯಲ್ಲಿ ಬರುವ ಲೆಕ್ಕ ಯಾವುದೂ ಬರೂದಿಲ್ಲ. ಮೂರು ಇಲ್ಲ, ಆರು ಇಲ್ಲ, ಒಂಬತ್ತು ಇಲ್ಲ.’

ಸೆರಾಂಗ್ ಅವರಿಗೆ ಹೇಳಿಕೊಟ್ಟದ್ದಂತೆ. ಒಂದೇ ದಾರದಲ್ಲಿ ಆಗಬೇಕಾದರೆ ಎಳೆಯ ಸಂಖ್ಯೆ ಮತ್ತು ಅಲೆಯ ಸಂಖ್ಯೆ ಎರಡೂ ಒಂದೇ ಮಗ್ಗಿಯಲ್ಲಿ ಸಿಗಬಾರದು. 4ಕ್ಕೆ 6 ಆಗದು, ಎರಡೂ ಎರಡರ ಮಗ್ಗಿಯಲ್ಲಿವೆ. 4ಕ್ಕೆ 5 ಆಗುತ್ತದೆ. 3ಕ್ಕೆ 6 ಬೇಕೇಬೇಕು ಅಂದರೆ ಮೂರು ಬೇರೆ ಬೇರೆ ದಾರ ಬೇಕು. ನನ್ನ ಕೊಳವೆಯ ಮೇಲೆ ಪ್ರತಿ ಸಲ ಮುಗಿಯುತ್ತಿದ್ದದ್ದು ಆ ಮೂರರಲ್ಲಿ ಒಂದು. ನಾನು ತಪ್ಪೇ ಮಾಡಿರಲಿಲ್ಲ. ಆ ಗಂಟು ಇರುವುದೇ ಹಾಗೆ.

‘ಹಾಗಾದ್ರೆ ಏಳು’ ಅಂದೆ. ‘ಏಳು ಹಾಕು’ ಅಂದರು.

ಏಳೇಳು ಪಿನ್ ಚುಚ್ಚಿದೆ. ಇಳಿದು ಏರಿ ಮೂರು ಪಿನ್ ಮುಂದೆ. 1, 4, 7, 3, 6, 2, 5. ಏಳೂ ಸಿಕ್ಕವು. ಒಂದು ಸಲ ಮೇಲೆ, ಒಂದು ಸಲ ಅಡಿಗೆ ಹೆಣೆದು ಕೊಳವೆಯಿಂದ ಜಾರಿಸಿ ಕತ್ತಿಗೆ ತೊಡಿಸಿದೆ. ಮೂರು ಸುತ್ತು ಹೋಗಿ ಡಬ್ಬಣದಿಂದ ಬಿಗಿದೆ. ಒಂದೂ ಸಂದಿ ಇಲ್ಲ, ಒಂದೂ ಉಬ್ಬು ಇಲ್ಲ. ಹುರಿ ಹಿಡಿದದ್ದು 1.4 ಮೀಟರ್.

ಆ ರಾತ್ರಿ ಹಳೆಯ ತುಂಡುಗಳನ್ನು ಡಬ್ಬಿಗೆ ತುಂಬುವಾಗ ಕತ್ತಿನ ಭಾಗ ಕೈಗೆ ಬಂತು. ಟಾರ್ಚ್ ಓರೆಯಾಗಿ ಹಿಡಿದೆ. ಪಟ್ಟಿ ಇದ್ದ ಜಾಗಕ್ಕೆ ಪೇಂಟ್ ತಾಗಿರಲಿಲ್ಲ. ಪೇಂಟ್ ಮುಗಿದು ಬರೀ ಹತ್ತಿ ಶುರುವಾಗುವಲ್ಲಿ ಸಣ್ಣ ಸಣ್ಣ ಬಾಗಿನ ಗೆರೆ, ಹಪ್ಪಳದ ಅಂಚಿನ ಹಾಗೆ. ಪೆನ್ಸಿಲ್ ತುದಿ ಇಟ್ಟು ಎಣಿಸಿದೆ. ಏಳು. ಗಂಟು ಕೊಯ್ದು ಹಾಕಿದರೂ ಅದರ ನೆರಳು ಅಲ್ಲೇ ಉಳಿದಿತ್ತು. ನಾನು ತಿಂಗಳಿಂದ ಅದನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ಜುಲೈ 15–18: ಪಾಲಿಶ್

ಹಡಗಿನಲ್ಲಿ ಪೇಂಟ್ ಬಳಿಯುತ್ತಿದ್ದರು. ನನಗೆ ಹತ್ತಿಯ ಬಣ್ಣ ಇಷ್ಟ ಆಗಿತ್ತು. ಮೂರು ಪಟ್ಟಿಗೆ ಮಾತ್ರ ಬಡಗಿಗಳು ಬಳಸುವ ಅರಗಿನ ಪಾಲಿಶ್ ಹಚ್ಚಿದರೆ ಗಟ್ಟಿಯಾಗುತ್ತದೆ, ಜೇನಿನ ಬಣ್ಣವೂ ಬರುತ್ತದೆ. ತುಂಡು ಹುರಿಯ ಮೇಲೆ ಮೊದಲು ಹಚ್ಚಿ ನೋಡಿದೆ, ಚೆನ್ನಾಗಿತ್ತು. ಜುಲೈ 15ಕ್ಕೆ ಹಗ್ಗಕ್ಕೇ ಹಚ್ಚಿದೆ. ಅವತ್ತು ಇಡೀ ದಿನ ಜಡಿಮಳೆ. ಅರ್ಧ ಗಂಟೆಯಲ್ಲಿ ಪಟ್ಟಿಗಳ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಮಂಕು. ಗಾಳಿಯ ತೇವ ಅರಗಿಗೆ ಆಗುವುದಿಲ್ಲ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಮಳೆ ಬಿಟ್ಟ 18ರ ಮಧ್ಯಾಹ್ನ ಹೇರ್ ಡ್ರೈಯರ್‌ನಿಂದ ಹಗ್ಗ ಬೆಚ್ಚಗೆ ಮಾಡಿ, ತೆಳ್ಳಗೆ ಎರಡು ಸಲ ಹಚ್ಚಿದೆ. ಈಗ ಮಂಕಿಲ್ಲ. ಮಳೆಗಾಲದಲ್ಲಿ ಕರಾವಳಿಯವರು ಈ ಕೆಲಸಕ್ಕೆ ಬಿಸಿಲು ಕಾಯುವುದೇ ಒಳ್ಳೆಯದು.

ಖರ್ಚು

ಹತ್ತಿ ಹುರಿ 3 ಮಿ.ಮೀ.: ₹420
ಹತ್ತಿ ಹುರಿ 2 ಮಿ.ಮೀ.: ₹180
ತಿರುಳಿನ ಹಗ್ಗ: ₹30
ಡಬ್ಬಣ: ₹15
ಅರಗಿನ ಪಾಲಿಶ್, ಸಣ್ಣ ಬಾಟಲಿ: ₹90
ದಂಡವಾದ ಪ್ಲಾಸ್ಟಿಕ್ ಹಗ್ಗ: ₹120
ಒಟ್ಟು: ₹855

ದೊಡ್ಡ ಸುರುಳಿಯಲ್ಲಿ ಮುಕ್ಕಾಲು ಪಾಲು ಹುರಿ ಇನ್ನೂ ಇದೆ. ಕುಳಿತು ಕೆಲಸ ಮಾಡಿದ ಹೊತ್ತು ಬರೆದಿಟ್ಟಿದ್ದೆ, ಸುಮಾರು 46 ಗಂಟೆ. ಅದರಲ್ಲಿ ಅರ್ಧ ಬಿಚ್ಚುವುದಕ್ಕೇ ಹೋಯಿತು.

ಜುಲೈ 20: ಕಟ್ಟಿದ್ದು

ಮಧ್ಯಾಹ್ನ ಊಟ ಆದಮೇಲೆ ಕುಣಿಕೆಯನ್ನು ಗಂಟೆಯ ನಾಲಿಗೆಗೆ ಸಿಕ್ಕಿಸಿದೆ. ಹೊಸ ಉದ್ದ 31.5 ಸೆಂ.ಮೀ., ಹಳೆಯದಕ್ಕಿಂತ ಅರ್ಧ ಸೆಂ.ಮೀ. ಜಾಸ್ತಿ. ಭಾರಕ್ಕೆ ಇನ್ನೂ ಸ್ವಲ್ಪ ಇಳಿಯಬಹುದು.

ಮಾವ ಕೆಳಗಿನಿಂದ ಶುರು ಮಾಡಿದರು. ಗುಂಡನ್ನು ಅಂಗೈಯಲ್ಲಿ ತೂಗಿದರು. ಕತ್ತಿನ ಪಟ್ಟಿಯ ಸುತ್ತ ಹೆಬ್ಬೆರಳು ಒಂದು ಸುತ್ತು ಬಂತು, ತುಟಿ ಅಲುಗುತ್ತಿತ್ತು. ಏಳರಲ್ಲಿ ನಿಂತರು. ಆಮೇಲೆ ಜಡೆ, ನಡುವಿನ ಪಟ್ಟಿ, ಮತ್ತೆ ಜಡೆ. ದಿಕ್ಕು ತಪ್ಪಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಜಾಸ್ತಿ ನಿಂತರು, ಏನೂ ಹೇಳಲಿಲ್ಲ.

‘ಗಂಟೆ ಎಷ್ಟಾಯ್ತು?’

‘ನಾಲ್ಕಕ್ಕೆ ಐದು ನಿಮಿಷ ಇದೆ ಮಾವ.’

ಅಲ್ಲೇ ಕಾದರು. ಹಡಗಿನ ಗಂಟೆಗೆ ಬೇರೆ ಲೆಕ್ಕ. ಅರ್ಧ ಗಂಟೆಗೆ ಒಂದು ಹೊಡೆತ ಕೂಡುತ್ತಾ ಹೋಗಿ, ನಾಲ್ಕು ಗಂಟೆಯ ಪಾಳಿ ಮುಗಿಯುವಾಗ ಎಂಟು ಆಗುತ್ತದೆ. ಸರಿಯಾಗಿ ನಾಲ್ಕಕ್ಕೆ ನಡುವಿನ ಪಟ್ಟಿಯಲ್ಲಿ ಬೆರಳಿಟ್ಟು ಬಾರಿಸಿದರು. ಎರಡು, ಬಿಡುವು, ಎರಡು, ಬಿಡುವು, ಎರಡು, ಬಿಡುವು, ಎರಡು. ಅತ್ತೆ ಒಳಗಿನಿಂದ ‘ಯಾರು ಬಂದ್ರು?’ ಅಂತ ಕೇಳಿದರು.

ವಾರ ಬಿಟ್ಟು ಇನ್ನೊಮ್ಮೆ ಅಳೆಯಬೇಕು. ಮೇಲಿನ ಪಟ್ಟಿ ಒಂದು ಕಡೆ ಕೂದಲೆಳೆಯಷ್ಟು ಸಡಿಲ ಅನ್ನಿಸುತ್ತಿದೆ.